ಫೌಂಡೇಶನ್ ಡಿಗ್ರಿಯಿಂದ ಆನರ್ಸ್‌ಗೆ: ಒಂದು ವರ್ಷ ಉಳಿಸಿಕೊಂಡ ಬಗೆ

ಇಂಗ್ಲೆಂಡಿನಲ್ಲಿ ಮಕ್ಕಳ ನರ್ಸರಿಯ ಕೆಲಸದ ಜೊತೆಗೇ ಅರ್ಲಿ ಇಯರ್ಸ್ (ಪುಟ್ಟ ಮಕ್ಕಳ ಆರೈಕೆ, ಕಲಿಕೆ) ವಿಷಯದಲ್ಲಿ ಫೌಂಡೇಶನ್ ಡಿಗ್ರಿ, ಅಂದರೆ ಪೂರ್ಣ ಪದವಿಗಿಂತ ಒಂದು ಮೆಟ್ಟಿಲು ಕೆಳಗಿನ ಪದವಿ, ಮುಗಿಸಿದೆ. ಅದು 240 ಕ್ರೆಡಿಟ್ (ಓದಿನ ಪ್ರಮಾಣದ ಅಳತೆ), ಲೆವೆಲ್ (ಓದಿನ ಮಟ್ಟ) 5. ಆನರ್ಸ್‌ಗೆ, ಅಂದರೆ ಪೂರ್ಣ ಪದವಿಗೆ, 360 ಬೇಕು. ಉಳಿದ 120 ಕ್ರೆಡಿಟ್‌ಗೆ ಲೆವೆಲ್ 6ರ 'ಟಾಪ್-ಅಪ್' ವರ್ಷವಿದೆ. ಲೆಕ್ಕ ಸರಳ, ಅಲ್ವಾ? ಆದರೆ ಎಲ್ಲಿ ಬೇಕಾದರೂ ಸೀಟು ತಾನಾಗಿ ಸಿಗುವುದಿಲ್ಲ.

ನಮ್ಮ ಕಾಲೇಜಿನವರಿಗೆ ಪದವಿ ಕೊಡುವ ಯೂನಿವರ್ಸಿಟಿಗೇ ಹೋಗಿದ್ದರೆ ದಾರಿ ಸಲೀಸಾಗಿತ್ತು. ನನಗೆ ಮನೆ ಹತ್ತಿರದ್ದೇ ಬೇಕಿತ್ತು. ಅಲ್ಲಿಯವರು ಟಾಪ್-ಅಪ್ ಬದಲು ಆನರ್ಸ್‌ನ ಎರಡನೇ ವರ್ಷಕ್ಕೆ ಸೇರಿ ಅಂದರು. ಒಂದು ವರ್ಷದ ಫೀಸು ಜಾಸ್ತಿ, ಓದಿದ್ದನ್ನೇ ಮತ್ತೆ ಓದುವ ಬೇಸರ. ಸಾಲಕ್ಕೂ ತೊಂದರೆ: ಓದಿಗೆ ಸರ್ಕಾರಿ ಸಾಲ ಕೊಡುವ ಸ್ಟೂಡೆಂಟ್ ಫೈನಾನ್ಸ್‌ನವರು ಹಿಂದೆ ಓದಿದ ವರ್ಷಗಳನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ.

ಸುಮ್ನೆ ಒಪ್ಪಿಕೊಳ್ಳಲಿಲ್ಲ. ಯಾವ ವಿಷಯ ಕಡಿಮೆಯಿದೆ ಎಂದು ಅಡ್ಮಿಷನ್ಸ್ ಟ್ಯೂಟರ್‌ಗೆ ಇಮೇಲ್‌ನಲ್ಲೇ ಕೇಳಿದೆ. ಉತ್ತರ ಸ್ಪಷ್ಟವಾಗಿತ್ತು: ಸಂಶೋಧನಾ ವಿಧಾನ. ನನ್ನ ಮಾರ್ಕ್ಸ್ ಪಟ್ಟಿಯಲ್ಲಿ ಆ ಹೆಸರಿನ ಮಾಡ್ಯೂಲ್ (ಕೋರ್ಸಿನ ಒಂದು ಪಾಠಭಾಗ) ಇರಲಿಲ್ಲ. ಆದರೆ ಕೆಲಸದ ಜಾಗದ ಪ್ರಾಜೆಕ್ಟ್‌ನಲ್ಲಿ ಮಕ್ಕಳನ್ನು ಗಮನಿಸಿ ದಾಖಲಿಸುವುದು, ಪೋಷಕರ ಒಪ್ಪಿಗೆ, ಸಂದರ್ಶನ ಎಲ್ಲವೂ ಇತ್ತು. ಬರೀ ಮಾರ್ಕ್ಸ್ ಪಟ್ಟಿ ನೋಡಿದವರಿಗೆ ಇದು ಹೇಗೆ ಕಾಣಬೇಕು? ಮಾಡ್ಯೂಲ್ ಹ್ಯಾಂಡ್‌ಬುಕ್‌ನ ಕಲಿಕೆಯ ಗುರಿಗಳನ್ನು ಅವರ ಎರಡನೇ ವರ್ಷದ ಗುರಿಗಳ ಪಕ್ಕದಲ್ಲಿಟ್ಟು ಒಂದು ಪಟ್ಟಿ ಮಾಡಿ ಕಳಿಸಿದೆ. ಕೊರತೆ ತುಂಬುವ ಬೇಸಿಗೆಯ ಬ್ರಿಡ್ಜಿಂಗ್ ಮಾಡ್ಯೂಲ್ ಮುಗಿಸಿದರೆ ನೇರ ಟಾಪ್-ಅಪ್ ಎಂದು ಲಿಖಿತವಾಗಿ ಒಪ್ಪಿದರು.

ಇನ್ನೊಂದನ್ನು ಮೊದಲೇ ಕೇಳಿ. ನಮ್ಮಲ್ಲಿ ಪದವಿಯ ದರ್ಜೆ ನಿಂತಿದ್ದು ಲೆವೆಲ್ 6ರ ಅಂಕಗಳ ಮೇಲೆ ಮಾತ್ರ. ಹಳೆಯ ಒಳ್ಳೆ ಅಂಕಗಳು ಲೆಕ್ಕಕ್ಕೆ ಬರಲಿಲ್ಲ. ಅದಕ್ಕೇ ಟಾಪ್-ಅಪ್ ವರ್ಷದ ಪ್ರಬಂಧದ ವಿಷಯವನ್ನು ಬೇಸಿಗೆಯಲ್ಲೇ ಆರಿಸಿ, ನರ್ಸರಿಯ ಅನುಮತಿಯನ್ನೂ ಪಡೆದಿಟ್ಟುಕೊಂಡೆ.