ಮನೆಯಿಂದ ಕೆಲ್ಸ ಮಾಡೋರಿಗೆ

ವರ್ಕ್ ಫ್ರಂ ಹೋಮ್ ಅಂದ್ರೆ ಮಲ್ಕೊಂಡಿರ್ತಾರೆ ಅನ್ನೋ ಮ್ಯಾನೇಜರ್ ಜೊತೆ ವಾದ ಬ್ಯಾಡ್ರಿ, ಲೆಕ್ಕ ತೋರಿಸ್ರಿ. ಟ್ರಿಪ್.ಕಾಮ್ ಅನ್ನೋ ಟ್ರಾವೆಲ್ ಬುಕಿಂಗ್ ಕಂಪನಿಯ 1,600ಕ್ಕೂ ಹೆಚ್ಚು ನೌಕರರ ಮೇಲೆ ಮಾಡಿದ ಸ್ಟಡಿ 2024ರಲ್ಲಿ ನೇಚರ್ ಅನ್ನೋ ವಿಜ್ಞಾನ ಪತ್ರಿಕೆಲಿ ಬಂತು, ವಾರಕ್ಕೆ 2 ದಿನ ಮನೆಯಿಂದ ಮಾಡಿದೋರ ಕೆಲ್ಸ ಏನೂ ಕಮ್ಮಿ ಆಗ್ಲಿಲ್ಲ, ಕೆಲ್ಸ ಬಿಟ್ಟೋಗೋರು ಮಾತ್ರ ಮೂರರಲ್ಲಿ ಒಂದು ಪಾಲು ಕಮ್ಮಿ ಆದ್ರು. ಆದ್ರೆ ಅದು 2 ದಿನದ ಮಾತು, ಪೂರ್ತಿ ಮನೆಯಿಂದ್ಲೇ ಅನ್ನೋರು ಇದನ್ನ ಹಿಡ್ಕೊಂಡು ಹೋಗಬ್ಯಾಡ್ರಿ.

ನಾನು ಇಲ್ಲೇ ದಾವಣಗೆರೆ ವಿದ್ಯಾನಗರದಾಗೆ ಕೂತು ಮಾಡೋದು. ಅಮ್ಮ "ಸುಮ್ನೆ ಕೂತಿದೀಯಲ್ಲ, ಗ್ಯಾಸ್ ಬಂತು ನೋಡು" ಅನ್ನೋರು. ಈಗ ಬಾಗಿಲಿಗೆ ಕೆಂಪು ಟವೆಲ್ ಹಾಕಿದ್ರೆ ಮೀಟಿಂಗ್ ಐತೆ ಅಂತ, ಯಾರೂ ಕರಿಯಲ್ಲ. ರೂಟರ್‌ಗೊಂದು ಸಣ್ಣ ಯುಪಿಎಸ್ ಹಾಕಿಸ್ರಿ, ಕರೆಂಟ್ ಹೋದ್ರೆ ಲ್ಯಾಪ್‌ಟಾಪ್ ಇರ್ತದೆ ವೈಫೈ ಇರಲ್ಲ. ಮಂಡಕ್ಕಿ ಮಿರ್ಚಿ ಸಂಜೆ ಐದರ ಮ್ಯಾಲೆ ತರ್ಸ್ರಿ, ಮಧ್ಯಾಹ್ನ ತಿಂದ್ರೆ ಮ್ಯಾನೇಜರ್ ಹೇಳಿದ್ದೇ ನಿಜ ಆಗ್ತದೆ.