ಸಕ್ಕರೆ ಹಾಕದ ಪೇಡೆ: ಸುಕ್ರಲೋಸ್ ಹದಕ್ಕೆ ಬಂದ ಬಗೆ

ಸಕ್ಕರೆ ಬಿಟ್ಟರೆ ಪೇಡೆ ಉಂಡೆ ಕಟ್ಟುವುದಿಲ್ಲ, ಕಟ್ಟಿದರೂ ನಾಲಿಗೆ ಮೇಲೆ ಕಹಿ ನಿಲ್ಲುತ್ತದೆ ಅಂತ ಹೇಳಿದವರೇ ಈಗ ಸಕ್ಕರೆ ಬದಲು ನಾನು ಹಾಕುವ ಸುಕ್ರಲೋಸ್ ಎಂಬ ಕೃತಕ ಸಿಹಿಯ ಅಳತೆ ಕೇಳುತ್ತಿದ್ದಾರೆ. ಖೋವಾ ಕಾಯಿಸಿ ಹುರಿಯಲು ಗೊತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಆ ಪಾಠ ಇಲ್ಲಿ ಬೇಡ.

ಮೊದಲು ಆರಿಸಿಕೊಳ್ಳಬೇಕಾದ್ದು ಧಾರವಾಡದ ಕಡೆಯ ಕಂದು ಪೇಡೆಯನ್ನು. ಅದರ ಬಣ್ಣ, ಘಮ ಎರಡೂ ಬರುವುದು ಹಾಲಿನಲ್ಲೇ ಇರುವ ಸಕ್ಕರೆಯಾದ ಲ್ಯಾಕ್ಟೋಸ್ ಮತ್ತು ಪ್ರೋಟೀನು ಹುರಿಯುವಾಗ ಕೂಡಿ ಕೆಂಪಾಗುವುದರಿಂದ. ಸುಕ್ರಲೋಸ್‌ನಿಂದ ಬಣ್ಣ ಬರುವುದಿಲ್ಲ, ಇಲ್ಲಿ ಬರಬೇಕಾಗಿಯೂ ಇಲ್ಲ.

ಆಸ್ಪರ್ಟೇಮ್ ಎಂಬ ಇನ್ನೊಂದು ಕೃತಕ ಸಿಹಿ ಈ ಕೆಲಸಕ್ಕೆ ಆಗದು. ಬಿಸಿಗೆ ಅದರ ಕಣ ಒಡೆದು ಸಿಹಿಯೇ ಹೋಗುತ್ತದೆ. ತಣ್ಣನೆಯ ನಿಂಬೆ ಶರಬತ್ತಿಗೆ ಹಾಕಿ, ಅಂದೇ ಕುಡಿಯುವುದಾದರೆ ಚೆನ್ನಾಗಿದೆ. ಸ್ಯಾಕರಿನ್ ಬಿಸಿ ತಡೆಯುತ್ತದೆ, ಆದರೆ ಲೋಹದಂಥ ಕಹಿ ಬಿಡುತ್ತದೆ. ಅಂಗಡಿಯಲ್ಲಿ ಸಿಗುವ ಸುಕ್ರಲೋಸ್‌ನ ಚಿಕ್ಕ ಪೊಟ್ಟಣಗಳಲ್ಲಿ ಬಹುಪಾಲು ತುಂಬುಪುಡಿಯೇ ಇರುವುದರಿಂದ ದುಡ್ಡು ದಂಡ. ಶುದ್ಧ ಸುಕ್ರಲೋಸ್ ಪುಡಿಯನ್ನೇ ತನ್ನಿ. 100 ಗ್ರಾಂಗೆ ಆರೇಳುನೂರು ರೂಪಾಯಿ ಕೊಟ್ಟ ನೆನಪು.

ಸುಕ್ರಲೋಸ್ ಅಂದರೆ ಸಕ್ಕರೆ ಕಣದ ಮೂರು ಹೈಡ್ರಾಕ್ಸಿಲ್ (ಆಮ್ಲಜನಕ-ಜಲಜನಕದ ಜೋಡಿ) ಜಾಗದಲ್ಲಿ ಕ್ಲೋರಿನ್ ಕೂರಿಸಿದ ವಸ್ತು. ನೀರಲ್ಲಿ ಕರಗಿದ್ದಾಗ ಕುದಿಗೂ ಹುಳಿಗೂ ಜಗ್ಗದು. ಒಣಗಿದ ಪುಡಿ ಮಾತ್ರ 120 ಡಿಗ್ರಿ ಸುತ್ತಮುತ್ತ ಒಡೆಯತೊಡಗಿ ಹೈಡ್ರೋಜನ್ ಕ್ಲೋರೈಡ್ ಎಂಬ ಘಾಟು ಅನಿಲ ಬಿಡುತ್ತದೆ. ಹಾಲು ನೀರಾಗಿರುವ ತನಕ ಬಾಣಲೆ 100ರ ಹತ್ತಿರವೇ ಇರುತ್ತದೆ, ಖೋವಾ ಒಣಗುತ್ತಾ ಬಂದಂತೆ ತಳ ಅದನ್ನು ದಾಟಿ ಏರುತ್ತದೆ. ಹಾಗಾಗಿ ಹುರಿಯುವಾಗ ಹಾಕಲೇಬಾರದು. ಒಲೆಯಿಂದ ಇಳಿಸಿ, 60–65 ಡಿಗ್ರಿಗೆ ಇಳಿದ ಮೇಲೆ ಹಾಕಬೇಕು.

ಪುಡಿಯನ್ನೇ ಉದುರಿಸಿದರೆ ಒಂದು ಪೇಡೆ ಸಪ್ಪೆ, ಇನ್ನೊಂದು ಗಂಟಲು ಕಟ್ಟುವಷ್ಟು ಸಿಹಿ. 5 ಗ್ರಾಂ ಪುಡಿಯನ್ನು 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ, ಕುದಿಸಿ ಆರಿಸಿದ ನೀರಲ್ಲಿ ಕರಗಿಸಿ, ಒಟ್ಟು 100 ಮಿಲಿ ಮಾಡಿ. ಆಗ 1 ಮಿಲಿಯಲ್ಲಿ 0.05 ಗ್ರಾಂ. ಸೂಜಿ ಇಲ್ಲದ ಸಿರಿಂಜಿನಲ್ಲಿ ಅಳೆಯಿರಿ. ಫ್ರಿಜ್‌ನಲ್ಲಿಟ್ಟು ವಾರದೊಳಗೆ ಮುಗಿಸಿ. ಸುಕ್ರಲೋಸ್ ಕೆಡದಿದ್ದರೂ ನೀರಿಗೆ ಬೂಷ್ಟು ಬರುತ್ತದೆ.

ಹುರಿದು ಮುಗಿದ 1 ಕೆಜಿ ಖೋವಾಗೆ ನನ್ನ ಅಳತೆ: ನುಣ್ಣಗೆ ಬೀಸಿದ ಎರಿಥ್ರಿಟಾಲ್ (ಸಕ್ಕರೆಯಂತೆ ಹರಳಾಗಿರುವ ಬದಲಿ ಸಿಹಿ) 70 ಗ್ರಾಂ, ಸುಕ್ರಲೋಸ್ ನೀರು 9 ಮಿಲಿ, ಏಲಕ್ಕಿ, ಚಿಟಿಕೆ ಉಪ್ಪು. ಉಪ್ಪು ಯಾಕೆಂದರೆ ಸುಕ್ರಲೋಸ್‌ನ ಸಿಹಿ ತಡವಾಗಿ ಬಂದು ತುಂಬ ಹೊತ್ತು ಉಳಿಯುತ್ತದೆ, ಉಪ್ಪು ಆ ಬಾಲವನ್ನು ಮೊಟಕು ಮಾಡುತ್ತದೆ. ಸಿಹಿ ಬೇಗ ಮುಟ್ಟಲು ಅಸಿಸಲ್ಫೇಮ್ ಪೊಟ್ಯಾಶಿಯಂ ಎಂಬ ಮತ್ತೊಂದು ಕೃತಕ ಸಿಹಿ ಸ್ವಲ್ಪ ಬೆರೆಸುತ್ತೇನೆ. ಅದರ ಪಾಲು ಎಷ್ಟೆಂಬುದು ನನ್ನಲ್ಲೇ ಇರಲಿ.

ಸುಕ್ರಲೋಸ್ ಸಕ್ಕರೆಗಿಂತ 600 ಪಟ್ಟು ಸಿಹಿ ಎಂಬ ಲೆಕ್ಕ ತೆಳು ನೀರಿಗೆ ಸರಿ, ಪೇಡೆಯಷ್ಟು ಗಾಢ ಸಿಹಿಯಲ್ಲಿ ಸಿಗುವುದಿಲ್ಲ. ನಾನು 450 ಹಿಡಿಯುತ್ತೇನೆ. ಇಷ್ಟು ಹಾಕಿದರೂ ಕೆಜಿ ಪೇಡೆಗೆ ಅರ್ಧ ಗ್ರಾಂ ದಾಟದು. ಇಂಥ ಸಿಹಿತಿಂಡಿಗೆ ನಮ್ಮ ಆಹಾರ ನಿಯಮ ಹಾಕಿರುವ ಮಿತಿ 750 ಪಿಪಿಎಂ, ಅಂದರೆ ಕೆಜಿಗೆ ಮುಕ್ಕಾಲು ಗ್ರಾಂ.

ಎರಿಥ್ರಿಟಾಲ್ 70ರ ಮೇಲೆ ಹೋಗಬೇಡಿ. 100 ಗ್ರಾಂ ನೀರಲ್ಲಿ ಕರಗುವುದು ಸುಮಾರು 37 ಗ್ರಾಂ ಮಾತ್ರ, ಹುರಿದ ಖೋವಾದಲ್ಲಿ ಉಳಿದ ನೀರು 200 ಗ್ರಾಂ ಇದ್ದರೆ ಹೆಚ್ಚು. ಮಿಕ್ಕಿದ್ದು ಎರಡು ದಿನದಲ್ಲಿ ಹರಳುಗಟ್ಟಿ, ಮರಳು ಅಗಿದಂತಾಗುತ್ತದೆ. ಬಾಯಿ ತಣ್ಣಗಾಗುವುದೂ ಅದರಿಂದಲೇ. ಎರಿಥ್ರಿಟಾಲ್ ಬಳಗದ್ದೇ ಆದ ಮಾಲ್ಟಿಟಾಲ್ ಹಾಕಿದರೆ ಹದ ಬಹಳ ಚೆಂದ, ಆದರೆ ನಾಲ್ಕೈದು ಪೇಡೆ ತಿಂದವರ ಹೊಟ್ಟೆ ಸಡಿಲವಾದೀತು. ನಾನು ಬಿಟ್ಟೆ.

ಈಗ ದುಡ್ಡಿನ ವಿಷಯ. ಸುಕ್ರಲೋಸ್ ದುಬಾರಿ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಕೆಜಿ ಖೋವಾಗೆ ಬೀಳುವುದು ಮೂರು ರೂಪಾಯಿ! ಅದರ ಬದಲು ಹಾಕುತ್ತಿದ್ದ 300 ಗ್ರಾಂ ಸಕ್ಕರೆಗೆ ಹದಿಮೂರೋ ಹದಿನಾಲ್ಕೋ. ಹೊಡೆತ ಬೀಳುವುದು ತೂಕದಲ್ಲಿ. ಸಕ್ಕರೆ ಹಾಕಿದಾಗ 1.3 ಕೆಜಿ ಪೇಡೆ ಬರುತ್ತಿತ್ತು, ಈಗ 1.07. ಖೋವಾ ಕೆಜಿಗೆ 400 ಹಿಡಿದರೆ ಸಾಮಾನ್ಯ ಪೇಡೆಗೆ 320ರ ಆಸುಪಾಸು, ಇದಕ್ಕೆ ಎರಿಥ್ರಿಟಾಲ್ ಖರ್ಚೂ ಸೇರಿ 415. ಆ ನೂರು ರೂಪಾಯಿಯನ್ನು ಬೆಲೆಯಲ್ಲಿ ಸೇರಿಸದಿದ್ದರೆ ನಷ್ಟವೇ.

ಬಾಳಿಕೆಯೂ ಕಡಿಮೆ. ನೀರನ್ನು ಹಿಡಿದಿಡುತ್ತಿದ್ದ ಸಕ್ಕರೆ ಇಲ್ಲವಲ್ಲ. ಫ್ರಿಜ್‌ನಲ್ಲಿಟ್ಟು ಮೂರು ದಿನದಲ್ಲಿ ಖಾಲಿ ಮಾಡುತ್ತೇನೆ. ಮೇಲೆ ಉರುಳಿಸುವ ಸಕ್ಕರೆ ಪುಡಿಯ ಬದಲು ಹುರಿದ ಹಾಲಿನ ಪುಡಿ ಸಾಕು.

ಡಬ್ಬಿಯ ಮೇಲೆ "ಸಕ್ಕರೆ ಸೇರಿಸಿಲ್ಲ" ಅಂತ ಬರೆಯಿರಿ, "ಸಕ್ಕರೆರಹಿತ" ಅನ್ನಬೇಡಿ. ಖೋವಾದಲ್ಲಿ ಲ್ಯಾಕ್ಟೋಸ್ ಇದ್ದೇ ಇದೆ, ಮಧುಮೇಹಿಗಳು ಅದನ್ನು ಲೆಕ್ಕ ಹಿಡಿಯಬೇಕು. "ಕಡಿಮೆ ಕ್ಯಾಲರಿ" ಅನ್ನುವುದಂತೂ ಸುಳ್ಳು. ಎಮ್ಮೆ ಹಾಲಿನ ಖೋವಾದ ಜಿಡ್ಡಿನಿಂದಾಗಿ 100 ಗ್ರಾಂಗೆ 400 ಕ್ಯಾಲರಿಯ ಹತ್ತಿರವೇ ನಿಲ್ಲುತ್ತದೆ, ಸಕ್ಕರೆ ಹಾಕಿದ ಪೇಡೆಯದೂ ಅಷ್ಟೇ. ಕ್ಯಾಲರಿ ನಿಜವಾಗಿ ಇಳಿಯುವುದು ಚಹಾ, ಶರಬತ್ತಿನಲ್ಲಿ.

ಬೂಂದಿ ಲಾಡು, ಮೈಸೂರು ಪಾಕಿಗೆ ಈ ದಾರಿ ಹಿಡಿಯಬೇಡಿ. ಅಲ್ಲಿ ಬೂಂದಿ ಕಾಳನ್ನೋ ಕಡಲೆಹಿಟ್ಟನ್ನೋ ಹಿಡಿದು ನಿಲ್ಲಿಸುವುದೇ ಎಳೆಪಾಕ, ಸುಕ್ರಲೋಸ್ ನೀರನ್ನು ಎಷ್ಟು ಕುದಿಸಿದರೂ ಎಳೆ ಬರುವುದಿಲ್ಲ.