ಕೊಲೊನೋಸ್ಕೊಪಿಗೆ ಜೊತೆ ನಿಲ್ಲುವವರು ಕೈ ಪಳಗಿಸಿಕೊಳ್ಳುವುದು ಹೇಗೆ?

"ಒತ್ತಮ್ಮಾ, ಇನ್ನೂ ಸ್ವಲ್ಪ ಒತ್ತು" ಅಂತ ಡಾಕ್ಟರ್ ಹೇಳುತ್ತಾರೆ. ಕೆಲಸಕ್ಕೆ ಸೇರಿ ವಾರವಾದ ಹುಡುಗಿ ಮುಷ್ಟಿ ಕಟ್ಟಿ, ಮೈಭಾರವನ್ನೆಲ್ಲ ರೋಗಿಯ ಹೊಟ್ಟೆ ಮೇಲೆ ಬಿಡುತ್ತಾಳೆ. ಮಲಗಿದ್ದ ಅಜ್ಜಿ "ಅಯ್ಯೋ ಶಿವನೇ" ಅಂತ ನರಳುತ್ತಾರೆ. ಸ್ಕೋಪ್ ಒಳಗೆ ಹೋಗುತ್ತಲೇ ಇದೆ, ಪರದೆ ಮೇಲಿನ ಚಿತ್ರ ಮಾತ್ರ ಇದ್ದಲ್ಲೇ ಇದೆ. ಎಂಡೋಸ್ಕೊಪಿ ರೂಮಿನಲ್ಲಿ 18 ವರ್ಷ ಕೆಲಸ ಮಾಡಿರುವ ನಾನು ಇದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಆ ಹುಡುಗಿಯ ತಪ್ಪಲ್ಲ. ಅವಳಿಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿಲ್ಲ.

ಗುದದ್ವಾರದಿಂದ ಕ್ಯಾಮೆರಾ ಇರುವ ಉದ್ದನೆಯ ಕೊಳವೆ, ಅಂದರೆ ಸ್ಕೋಪ್, ಹಾಕಿ ದೊಡ್ಡ ಕರುಳನ್ನು ಒಳಗಿಂದ ನೋಡುವ ಪರೀಕ್ಷೆಯೇ ಕೊಲೊನೋಸ್ಕೊಪಿ. ಒಳ್ಳೆ ಡಾಕ್ಟರ್ ಸಿಕ್ಕರೆ ಸಾಕು ಅಂತ ಜನ ಅಂದುಕೊಳ್ಳುತ್ತಾರೆ. ಸಾಲದು. 2009ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಈ ಕೆಲಸಕ್ಕೆ ಹೊಸಬರಾದ ನರ್ಸ್‌ಗಳು ಜೊತೆಗಿದ್ದಾಗ ಪರೀಕ್ಷೆಗೆ ಹೆಚ್ಚು ಹೊತ್ತು ಹಿಡಿದಿತ್ತು, ಅಲ್ಲೇ ಆಗುವ ತೊಂದರೆಗಳೂ ಜಾಸ್ತಿ ಇದ್ದವು. 2011ರಲ್ಲಿ ಪ್ರಕಟವಾದ ಕೊರಿಯಾದ ಅಧ್ಯಯನದಲ್ಲಿ, ಅನುಭವ ಇರುವ ನರ್ಸ್ ಕೂಡ ಡಾಕ್ಟರ್ ಜೊತೆ ಪರದೆ ನೋಡಿದಾಗ ಹೆಚ್ಚು ಪಾಲಿಪ್‌ಗಳು ಸಿಕ್ಕವು. ಪಾಲಿಪ್ ಅಂದರೆ ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಗಂಟು. ಅವುಗಳಲ್ಲಿ ಕೆಲವು ವರ್ಷಗಳು ಕಳೆದಂತೆ ಕ್ಯಾನ್ಸರ್ ಆಗುತ್ತವೆ. ಹಾಗಾಗಿ ನೀವು ಪಕ್ಕದಲ್ಲಿ ಹೇಗೆ ನಿಲ್ಲುತ್ತೀರಿ ಅನ್ನುವುದು ಸಣ್ಣ ವಿಷಯ ಅಲ್ಲ.

ನರ್ಸಿಂಗ್ ಅಥವಾ ಟೆಕ್ನಿಷಿಯನ್ ಕೋರ್ಸ್ ಮುಗಿಸಿ ಈ ರೂಮಿಗೆ ಕಾಲಿಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪರೀಕ್ಷೆ ಮಾಡಿಸಿಕೊಳ್ಳುವವರು ಓದಿದರೂ ಒಳ್ಳೆಯದೇ.

1. ಹಿಂದಿನ ದಿನ ಫೋನ್ ಮಾಡಿ

ಚೀಟಿ ಕೊಟ್ಟು ಕಳಿಸಿದರೆ ಮುಗಿಯಿತು ಅಂದುಕೊಳ್ಳಬೇಡಿ. ಫೋನ್ ಮಾಡಿ "ಇವತ್ತು ಊಟಕ್ಕೆ ಏನು?" ಅಂತ ಕೇಳಿ. ರಾಗಿ ಮುದ್ದೆ, ಸೊಪ್ಪಿನ ಸಾರು, ಸೀಬೆಹಣ್ಣು ಅಂದರೆ ಅಲ್ಲೇ ನಿಲ್ಲಿಸಿ. ಸೀಬೆ, ಟೊಮ್ಯಾಟೊ, ಎಳ್ಳಿನ ಬೀಜಗಳು ಸ್ಕೋಪಿನ ಸಕ್ಷನ್ ದಾರಿಯಲ್ಲಿ, ಅಂದರೆ ನೀರು ಗಲೀಜು ಹೀರುವ ದಾರಿಯಲ್ಲಿ, ಸಿಕ್ಕಿಕೊಂಡು ಕೆಲಸ ಕೆಡಿಸುತ್ತವೆ. ಬಿಳಿ ಅನ್ನ ತಿನ್ನಲಿ. ಆಮೇಲೆ ಎಳನೀರು, ಗಂಜಿ ತಿಳಿ ಸಾಕು.

ಹೊಟ್ಟೆ ಖಾಲಿ ಮಾಡುವ ಪುಡಿಯ ನೀರನ್ನು ರಾತ್ರಿಯೇ ಪೂರ್ತಿ ಕುಡಿದು ಮಲಗುವವರು ಬಹಳ. ಅರ್ಧ ರಾತ್ರಿ, ಇನ್ನರ್ಧ ಪರೀಕ್ಷೆಗೆ ನಾಲ್ಕೈದು ಗಂಟೆ ಮುಂಚೆ ಶುರು ಮಾಡಿ, ಎರಡು ಗಂಟೆ ಮುಂಚೆ ಮುಗಿಸಬೇಕು. ಕೊನೆಗೆ ಹೋಗುವುದು ತಿಳಿ ಹಳದಿ ನೀರಿನಂತಿರಬೇಕು, ಅದರಲ್ಲಿ ಕಾಳು ಕಸ ಇರಬಾರದು. ಸಕ್ಕರೆ ಕಾಯಿಲೆ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಾರಾ ಅಂತ ಕೇಳಿ ಡಾಕ್ಟರಿಗೆ ತಿಳಿಸಿ. ನೀವೇ ನಿಲ್ಲಿಸಿ ಅಂತ ಹೇಳಬೇಡಿ.

2. ಟ್ರಾಲಿ

ಲೈಟ್, ನೀರು, ಗಾಳಿ, ಸಕ್ಷನ್ ನಾಲ್ಕೂ ನೋಡಿ. ಪಾಲಿಪ್ ಕತ್ತರಿಸುವ ಸ್ನೇರ್, ಸೂಜಿ, ರಕ್ತ ನಿಲ್ಲಿಸುವ ಕ್ಲಿಪ್, ತೆಗೆದ ತುಂಡು ಕೆಡದಂತೆ ಇಡುವ ಫಾರ್ಮಲಿನ್ ಬಾಟಲಿ ಕೈಗೆ ಸಿಗುವಂತೆ ಇಡಿ. ರಕ್ತ ಬರುವಾಗ ಕ್ಲಿಪ್ ಎಲ್ಲಿದೆ ಅಂತ ಬೀರು ಹುಡುಕಬಾರದು.

ನೊರೆ ಬಾರದಿರಲಿ ಅಂತ ಕೆಲವರು ಸ್ಕೋಪಿನ ನೀರಿನ ಬಾಟಲಿಗೇ ಸೈಮೆಥಿಕೋನ್ ಸುರಿಯುತ್ತಾರೆ. ಈ ಸುಲಭದ ದಾರಿ ಬೇಡವೇ ಬೇಡ. ಅದರ ಅಂಟು ಸ್ಕೋಪಿನ ಸಣ್ಣ ದಾರಿಗಳಲ್ಲಿ ಉಳಿಯುತ್ತದೆ, ತೊಳೆದರೂ ಪೂರ್ತಿ ಹೋಗುವುದಿಲ್ಲ. ರೋಗಿ ಕುಡಿಯುವ ಔಷಧಿಯ ಜೊತೆ ಕೊಟ್ಟರೆ ಒಳ್ಳೆಯದು.

3. ಮಲಗಿಸುವುದು

ಎಡ ಮಗ್ಗುಲಿಗೆ, ಮೊಣಕಾಲು ಎದೆಯ ಕಡೆ ಮಡಚಿ. ಕಾಟರಿ, ಅಂದರೆ ಕರೆಂಟಿನಿಂದ ಸುಟ್ಟು ಕತ್ತರಿಸುವ ಯಂತ್ರ, ಬಳಸುವುದಾದರೆ ಬೆಳ್ಳಿ ಉಡಿದಾರ, ಕಾಲುಂಗುರ, ಗೆಜ್ಜೆ ತೆಗೆಸಿ. ಹೆಂಗಸರು ಕಾಲುಂಗುರ ತೆಗೆಯಲು ಹಿಂದೇಟು ಹಾಕುತ್ತಾರೆ. ಗದರಬೇಡಿ. "ಕರೆಂಟ್ ಹಾಯಿಸ್ತಾರಮ್ಮ, ಲೋಹ ಇದ್ದ ಕಡೆ ಸುಡಬಹುದು" ಅಂತ ಕಾರಣ ಹೇಳಿ, ಮನೆಯವರ ಕೈಗೆ ಕೊಡಿಸಿ.

4. ಹೊಟ್ಟೆ ಒತ್ತುವುದು

ಇಲ್ಲಿ ನಿಧಾನಕ್ಕೆ ಓದಿ. ಎಲ್ಲ ಕೆಡುವುದು ಇಲ್ಲೇ.

ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದ. ಆದರೆ ಸ್ಕೋಪ್ ನೇರವಾಗಿದ್ದರೆ 70ರಿಂದ 90 ಸೆಂಟಿಮೀಟರ್ ಒಳಗೆ ಹೋಗುವಷ್ಟರಲ್ಲಿ ಕರುಳಿನ ಆ ತುದಿ, ಅಂದರೆ ಸೀಕಮ್, ಸಿಗುತ್ತದೆ. ಲಂಗಕ್ಕೆ ಲಾಡಿ ಪೋಣಿಸುವಾಗ ಬಟ್ಟೆ ನೆರಿಗೆಯಾಗಿ ಲಾಡಿಯ ಮೇಲೆ ಕೂರುತ್ತದಲ್ವಾ, ಕರುಳೂ ಹಾಗೇ ಸ್ಕೋಪಿನ ಮೇಲೆ ನೆರಿಗೆ ಕಟ್ಟಿಕೊಳ್ಳುತ್ತದೆ. ನೆರಿಗೆ ಸರಿಯಾಗಿ ಕೂತರೆ ರೋಗಿಗೆ ನೋವು ಕಡಿಮೆ.

ಎಡ ಕೆಳಹೊಟ್ಟೆಯಲ್ಲಿರುವ ಸಿಗ್ಮಾಯ್ಡ್ ಅನ್ನುವ ಭಾಗ ಗಟ್ಟಿಯಾಗಿ ಅಂಟಿಕೊಂಡಿರುವುದಿಲ್ಲ, ಸಡಿಲವಾಗಿ ಜೋತಾಡುತ್ತದೆ. ಸ್ಕೋಪ್ ತಳ್ಳಿದಾಗ ತುದಿ ಮುಂದೆ ಹೋಗುವ ಬದಲು ನಡುಭಾಗ ಬಿಲ್ಲಿನಂತೆ ಬಾಗಿ ಮೇಲೇಳುತ್ತದೆ. ಇದೇ ಲೂಪ್. ಮತ್ತೂ ತಳ್ಳಿದರೆ ಬಿಲ್ಲು ದೊಡ್ಡದಾಗುತ್ತದೆ, ತುದಿ ಕೆಲವೊಮ್ಮೆ ಹಿಂದಕ್ಕೇ ಜಾರುತ್ತದೆ. ಕರುಳನ್ನು ಹಿಡಿದಿರುವ ಪೊರೆ ಎಳೆದಂತಾಗಿ ನೋವಾಗುತ್ತದೆ.

ಈ ಒಂದು ಮಾತನ್ನು ಬರೆದಿಟ್ಟುಕೊಳ್ಳಿ. ನೀವು ಒತ್ತುವುದು ಲೂಪ್ ಬಿಡಿಸುವುದಕ್ಕಲ್ಲ, ಬಿಡಿಸಿದ ಲೂಪ್ ಮತ್ತೆ ಏಳದಂತೆ ತಡೆಯುವುದಕ್ಕೆ. ಮೊದಲು ಡಾಕ್ಟರ್ ಸ್ಕೋಪನ್ನು ಹಿಂದಕ್ಕೆಳೆದು ನೇರ ಮಾಡಬೇಕು. ಆಮೇಲೆ ನಿಮ್ಮ ಕೈ. ಆಮೇಲೆ ಡಾಕ್ಟರ್ ತಳ್ಳಬೇಕು. ಬಾಗಿ ನಿಂತಿರುವ ಲೂಪಿನ ಮೇಲೆ ಒತ್ತಿದರೆ ರೋಗಿಗೆ ಹಿಂಸೆ ಬಿಟ್ಟು ಇನ್ನೇನೂ ಸಿಗುವುದಿಲ್ಲ. "ಸರ್, ಸ್ಟ್ರೇಟ್ ಆಯ್ತಾ? ಒತ್ತಲಾ?" ಅಂತ ಕೇಳಿ. ಕೇಳಿದ್ದಕ್ಕೆ ಬೇಸರ ಮಾಡಿಕೊಳ್ಳುವ ಡಾಕ್ಟರನ್ನೂ ನೋಡಿದ್ದೇನೆ. ಆದರೂ ಕೇಳಿ.

ಮಂಚವನ್ನು ನಿಮ್ಮ ಸೊಂಟದ ಮಟ್ಟಕ್ಕೆ ಇಳಿಸಿಕೊಳ್ಳಿ. ಇಳಿಯದ ಮಂಚವಾದರೆ ಕಾಲಡಿಗೆ ಮೆಟ್ಟಿಲು ಹಾಕಿಕೊಳ್ಳಿ. ಬಗ್ಗಿ ಒತ್ತಿ ಒತ್ತಿ ಬೆನ್ನು, ಭುಜ ಹಾಳು ಮಾಡಿಕೊಂಡ ಸಿಸ್ಟರ್‌ಗಳು ನಮ್ಮಲ್ಲಿ ತುಂಬ ಜನ ಇದ್ದಾರೆ. ಮುಷ್ಟಿ ಬೇಡ, ಬೆರಳ ತುದಿ ಬೇಡ. ಅಂಗೈ ಪೂರ್ತಿ ಚಪ್ಪಟೆಯಾಗಿ ಕೂರಲಿ. ಮೊದಲು ಸುಮ್ನೆ ಇಟ್ಟು, ರೋಗಿ ಉಸಿರು ಬಿಡುವಾಗ ಮೆಲ್ಲಗೆ ಒಳಗೆ ಇಳಿಸಿ. ಚಪಾತಿ ಹಿಟ್ಟು ನಾದುವ ಹಾಗೆ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಬೇಡಿ. ಒಂದೇ ಸಮ ಇರಬೇಕು.

ಎಲ್ಲಿ ಒತ್ತುವುದು? ಸಿಗ್ಮಾಯ್ಡ್‌ಗಾದರೆ ಹೊಕ್ಕುಳಿನ ಕೆಳಗಿನಿಂದ ಎಡ ಸೊಂಟದ ಮೂಳೆಯ ಕಡೆಗೆ. ಸ್ಕೋಪ್ ಅದನ್ನು ದಾಟಿ ಅಡ್ಡಗರುಳಿಗೆ ಹೋದ ಮೇಲೆ, ಆ ಭಾಗ ಬಟ್ಟೆ ಒಣಹಾಕುವ ಹಗ್ಗದ ಹಾಗೆ ನಡುವೆ ಜೋತು ಬೀಳುತ್ತದೆ. ಆಗ ಹೊಕ್ಕುಳಿನ ಕೆಳಗೆ ಕೈಯಿಟ್ಟು ಎದೆಯ ಕಡೆಗೆ ಎತ್ತಿಕೊಡಬೇಕು. ಸಪೂರ ಮೈಯವರಲ್ಲಿ ಲೂಪ್ ಏಳುವುದು ಅಂಗೈಗೇ ತಿಳಿಯುತ್ತದೆ, ದಪ್ಪ ಹಗ್ಗ ಚರ್ಮದಡಿ ಹೊರಳಿದ ಹಾಗೆ. ನನಗೆ ಅದು ಮೊದಲ ಸಲ ಗೊತ್ತಾಗಿದ್ದು ಕೆಲಸಕ್ಕೆ ಸೇರಿ ಐದಾರು ತಿಂಗಳಾದ ಮೇಲೆ. ಅಲ್ಲಿಯವರೆಗೆ ಹೇಳಿದ ಕಡೆ ಒತ್ತುತ್ತಿದ್ದೆ, ಅಷ್ಟೇ. ನಿಮಗೂ ಅಷ್ಟು ದಿನ ಹಿಡಿದರೆ ಧೈರ್ಯಗೆಡಬೇಡಿ.

ಕೈ ಹೊಟ್ಟೆ ಮೇಲಿದ್ದರೂ ಕಣ್ಣು ಪರದೆ ಮೇಲಿರಲಿ. ಡಾಕ್ಟರ್ ಒಂದು ಇಂಚು ತಳ್ಳಿದಾಗ ಚಿತ್ರವೂ ಅಷ್ಟೇ ಮುಂದೆ ಹೋದರೆ ಕೈ ಸರಿಯಾದ ಜಾಗದಲ್ಲಿದೆ. ಅರ್ಧ ನಿಮಿಷವಾದರೂ ಮುಂದೆ ಹೋಗದಿದ್ದರೆ ಇನ್ನೂ ಜೋರಾಗಿ ಒತ್ತುವುದು ಪರಿಹಾರವಲ್ಲ. ಜಾಗ ಬದಲಿಸಿ. ಅದೂ ಆಗದಿದ್ದರೆ "ಸರ್, ಅಂಗಾತ ಮಲಗಿಸೋಣವಾ?" ಅಂತ ಕೇಳಿ. ಎರಡು ಸಲ ಒತ್ತಿ ಆಗಲಿಲ್ಲವೆಂದರೆ ಮಗ್ಗುಲು ಬದಲಿಸುವುದೇ ಮೇಲು, ಇದು ನನ್ನ ಗಟ್ಟಿ ಅಭಿಪ್ರಾಯ. ಕೈ ತೆಗೆಯುವಾಗಲೂ ಹೇಳಿ ತೆಗೆಯಿರಿ. ಫಕ್ಕನೆ ಬಿಟ್ಟರೆ ಸ್ಕೋಪ್ ಜಾರುತ್ತದೆ.

ಹರ್ನಿಯಾ ಇದ್ದ ಕಡೆ, ಹೊಸ ಆಪರೇಷನ್ ಗಾಯ ಇದ್ದ ಕಡೆ ಒತ್ತಬಾರದು. ಮಲಗಿಸುವ ಮುಂಚೆಯೇ ಹೊಟ್ಟೆ ನೋಡಿಕೊಳ್ಳಿ. ಆಗಾಗ ರೋಗಿಯ ಮುಖವನ್ನೂ ನೋಡಿ. ನಮ್ಮಲ್ಲಿ ಎಷ್ಟೋ ಕಡೆ ಮಂಪರು ಔಷಧಿ ಕೊಡದೆಯೇ ಪರೀಕ್ಷೆ ನಡೆಯುತ್ತದೆ. ಕೊಟ್ಟಿದ್ದರೆ ನರಳಾಟ ಕೇಳಿಸದಿರಬಹುದು, ಆಗ ಹುಬ್ಬು ಗಂಟಿಕ್ಕುವುದು, ನಾಡಿ ಏರುವುದು, ಆಕ್ಸಿಜನ್ ಇಳಿಯುವುದು ಇವೇ ಅವರ ಮಾತು. ಡಾಕ್ಟರ್ ಕಣ್ಣು ಪರದೆಯಲ್ಲಿರುತ್ತದೆ. ನೀವೇ ಹೇಳಬೇಕು.

5. ಹಿಂದಕ್ಕೆ ತರುವಾಗ ನಿಮ್ಮ ಕಣ್ಣು

ಪಾಲಿಪ್ ಹುಡುಕುವುದು ಮುಖ್ಯವಾಗಿ ಸ್ಕೋಪ್ ಹೊರಗೆ ತರುವಾಗ. ಇದಕ್ಕೆ ಕನಿಷ್ಠ 6 ನಿಮಿಷ ಬೇಕು ಅನ್ನುವುದು ಹಳೆಯ ನಿಯಮ. ಈಗ 8 ನಿಮಿಷ ಅನ್ನುತ್ತಿದ್ದಾರೆ. ಸೀಕಮ್ ಮುಟ್ಟಿದ ಹೊತ್ತನ್ನು ಬರೆದಿಡುವುದು ನಿಮ್ಮ ಕೆಲಸ. ಆ ನಿಮಿಷಗಳಲ್ಲಿ ಟ್ರಾಲಿ ಒರೆಸುವುದು, ಮುಂದಿನ ಫೈಲ್ ತಿರುವುವುದು ಬೇಡ. ಏನಾದರೂ ಕಂಡರೆ "ಸರ್, ಎಡಗಡೆ ಮಡಿಕೆ ಹಿಂದೆ ಏನೋ ಇತ್ತು" ಅಂತ ಹೇಳಿಬಿಡಿ. ಹತ್ತು ಸಲ ಹೇಳಿದ್ದರಲ್ಲಿ ಒಂಬತ್ತು ಸಲ ಏನೂ ಇರದಿದ್ದರೂ ಪರವಾಗಿಲ್ಲ.

6. ಸ್ನೇರ್ ಹಿಡಿಯುವುದು

ಸ್ನೇರ್ ಅಂದರೆ ಪಾಲಿಪ್ ಕತ್ತರಿಸುವ ತಂತಿಯ ಕುಣಿಕೆ. ಅದರ ಹಿಡಿ ನಿಮ್ಮ ಕೈಯಲ್ಲಿ. ಡಾಕ್ಟರ್ ಕುಣಿಕೆಯನ್ನು ಕೂರಿಸುತ್ತಾರೆ, ಬಿಗಿಯುವವರು ನೀವು. ಒಳಗೆ ಹಾಕುವ ಮುಂಚೆ ಹೊರಗೇ ಒಮ್ಮೆ ಬಿಚ್ಚಿ ಮುಚ್ಚಿ ನೋಡಿ. ಕುಣಿಕೆ ಪೂರ್ತಿ ಮುಚ್ಚಿದಾಗ ಹಿಡಿ ಎಲ್ಲಿ ನಿಲ್ಲುತ್ತದೋ ಅಲ್ಲಿ ಪೆನ್ನಿನಿಂದ ಒಂದು ಗೆರೆ ಹಾಕಿ. ಒಳಗೆ ಪಾಲಿಪ್ ಹಿಡಿದಾಗ ಎಷ್ಟು ದಪ್ಪ ಸಿಕ್ಕಿದೆ ಅನ್ನುವುದನ್ನು ಆ ಗೆರೆಯೇ ಹೇಳುತ್ತದೆ.

ಸಣ್ಣವನ್ನು, ಅಂದರೆ ಒಂದು ಸೆಂಟಿಮೀಟರಿಗಿಂತ ಚಿಕ್ಕವನ್ನು, ಈಗ ಕರೆಂಟ್ ಇಲ್ಲದೆ ಕತ್ತರಿಸುತ್ತಾರೆ. ಸುತ್ತ ಒಂದೆರಡು ಮಿಲಿಮೀಟರ್ ಒಳ್ಳೆ ಒಳಪೊರೆಯೂ ಸೇರುವಂತೆ ಮೆಲ್ಲಗೆ ಮುಚ್ಚುತ್ತಾ ಹೋಗಿ, ನಿಲ್ಲಿಸದೆ ಪೂರ್ತಿ ಮುಚ್ಚಿ. ತೊಟ್ಟು ಇರುವ ದೊಡ್ಡ ಪಾಲಿಪ್ ಬೇರೆ. ಅಲ್ಲಿ ಬಿಗಿ ಸಿಕ್ಕ ಕೂಡಲೇ ನಿಲ್ಲಿಸಿ, ಡಾಕ್ಟರ್ ಕರೆಂಟ್ ಕೊಟ್ಟಾಗ ಮಾತ್ರ ಮುಂದೆ ಮುಚ್ಚಿ. ಗಾಬರಿಯಲ್ಲಿ ಗಬಕ್ಕನೆ ಎಳೆದರೆ ಕರೆಂಟ್ ಬರುವ ಮುಂಚೆಯೇ ತೊಟ್ಟು ತುಂಡಾಗಿ ರಕ್ತ ಚಿಮ್ಮುತ್ತದೆ. "ಓಪನ್", "ಕ್ಲೋಸ್" ಅಂತ ಡಾಕ್ಟರ್ ಹೇಳಿದ್ದನ್ನು ನೀವೂ ಜೋರಾಗಿ ಹೇಳಿಯೇ ಮಾಡಿ.

ಒಮ್ಮೆ ಬಳಸಿ ಎಸೆಯಬೇಕಾದ ಸ್ನೇರನ್ನು ತೊಳೆದು ಮತ್ತೆ ಮತ್ತೆ ಬಳಸುವ ಜಾಗಗಳಿವೆ. ತಂತಿ ಸೊಟ್ಟಗಾಗಿ, ಹಿಡಿ ಸಡಿಲವಾಗಿ, ಎಷ್ಟು ಬಿಗಿದಿದೆ ಅನ್ನುವುದೇ ಕೈಗೆ ತಿಳಿಯುವುದಿಲ್ಲ. ಅಂಥದ್ದನ್ನು ಕೈಗೆ ಕೊಟ್ಟರೆ ಬೇಡ ಅನ್ನಿ.

7. ಬಾಟಲಿಗಳು

ಹೆಸರು, ನಂಬರ್, ಕರುಳಿನ ಯಾವ ಭಾಗ, ಎಷ್ಟು ತುಂಡು. ಲ್ಯಾಬಿಗೆ ಕಳಿಸಲು ಕರುಳಿನಿಂದ ತೆಗೆದ ತುಂಡನ್ನು ಹಾಕುವ ಮುಂಚೆಯೇ ಬಾಟಲಿ ಮೇಲೆ ಇವನ್ನು ಬರೆಯಿರಿ. ನಮ್ಮ ದೇಶದಲ್ಲಿ ಕರುಳಿಗೂ ಟಿಬಿ ಬರುವುದು ಅಪರೂಪವಲ್ಲ. ಡಾಕ್ಟರಿಗೆ ಟಿಬಿ ಅನುಮಾನವಿದ್ದರೆ ಕೆಲವು ತುಂಡನ್ನು ಫಾರ್ಮಲಿನ್‌ಗೆ ಹಾಕದೆ ಸಲೈನ್‌ನಲ್ಲಿ ಇಡಬೇಕು. ಫಾರ್ಮಲಿನ್ ಬಿದ್ದರೆ ಕ್ರಿಮಿ ಸಾಯುತ್ತದೆ, ಕ್ರಿಮಿ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯಲ್ಲಿ ಏನೂ ಬೆಳೆಯುವುದಿಲ್ಲ. ಅಭ್ಯಾಸಬಲದಿಂದ ಎಲ್ಲವನ್ನೂ ಒಂದೇ ಬಾಟಲಿಗೆ ಹಾಕಿಬಿಟ್ಟು, ಪಾಪ ಆ ರೋಗಿ ಎರಡನೇ ಸಲ ಹೊಟ್ಟೆ ಖಾಲಿ ಮಾಡಿಕೊಂಡು ಬರಬೇಕಾದ್ದನ್ನು ಕಣ್ಣಾರೆ ನೋಡಿದ್ದೇನೆ.

8. ಸ್ಕೋಪ್ ತೊಳೆಯುವುದು

ಸ್ಕೋಪ್ ಹೊರಬಂದ ಕೂಡಲೇ, ಮಂಚದ ಪಕ್ಕದಲ್ಲೇ, ಒರೆಸಿ ನೀರು ಹಾಯಿಸಿ. ಒಣಗಲು ಬಿಟ್ಟರೆ ಆಮೇಲೆ ಯಾವ ಔಷಧಿಯೂ ಒಳಗಿನ ಗಲೀಜು ಬಿಡಿಸುವುದಿಲ್ಲ. ಸ್ಕೋಪ್ ಎಲ್ಲೂ ತೂತಾಗಿಲ್ಲವಾ ಅಂತ ಲೀಕ್ ಟೆಸ್ಟ್ ಮಾಡಿ, ಎನ್‌ಜೈಮ್ ದ್ರಾವಣದಲ್ಲಿ ಮುಳುಗಿಸಿ, ಪ್ರತಿ ದಾರಿಗೂ ಬ್ರಷ್ ಹಾಕಿ, ಬ್ರಷ್ ಆ ತುದಿಯಲ್ಲಿ ಬಿಳಿಯಾಗಿ ಬರುವವರೆಗೆ. ಪಾತ್ರೆ ತೊಳೆಯುವ ಲಿಕ್ವಿಡ್ ಇದಕ್ಕೆ ಆಗುವುದಿಲ್ಲ. ಸೋಂಕು ಕಳೆಯುವ ದ್ರಾವಣದ ಬಲವನ್ನು ದಿನವೂ ಟೆಸ್ಟ್ ಪಟ್ಟಿ ಅದ್ದಿ ಪರೀಕ್ಷಿಸಿ. ಕೊನೆಗೆ ದಾರಿಗಳಲ್ಲಿ ಸ್ಪಿರಿಟ್, ಆಮೇಲೆ ಗಾಳಿ ಹಾಯಿಸಿ ಪೂರ್ತಿ ಒಣಗಿಸಿ. ಸುರುಳಿ ಸುತ್ತಿ ಪೆಟ್ಟಿಗೆಯಲ್ಲಿ ಇಡಬೇಡಿ. ಬೀರುವಿನಲ್ಲಿ ನೇರವಾಗಿ ತೂಗುಹಾಕಿ, ತುದಿ ಕೆಳಗೆ ತಾಗದ ಹಾಗೆ.